ಅಪೀಲು ಹಾಕಿದ ಮಾತ್ರಕ್ಕೆ ಡಿಕ್ರಿ ನಿಲ್ಲುವುದಿಲ್ಲ

ಕೋರ್ಟಿನ ಆವರಣದಲ್ಲಿ ಸಾರಿಗೆ ಸಂಸ್ಥೆಯ ಬಸ್ಸೊಂದು ಪ್ರಯಾಣಿಕರಿಲ್ಲದೆ ನಿಂತಿರುವ ದೃಶ್ಯ ನಮ್ಮ ರಾಜ್ಯದ ಹಲವು ಊರುಗಳ ಜನರಿಗೆ ಹೊಸದಲ್ಲ. ಬೆಳಿಗ್ಗೆ ಅಮೀನರು ವಾರಂಟ್ ಹಿಡಿದು ಬಸ್ ನಿಲ್ದಾಣಕ್ಕೆ ಹೋಗುತ್ತಾರೆ. ಕಂಡಕ್ಟರ್ ಪ್ರಯಾಣಿಕರನ್ನು ಇಳಿಸಿ ಬೇರೆ ಬಸ್ಸಿಗೆ ಹತ್ತಿಸುತ್ತಾರೆ. ಮುಂದಿನ ಗಾಜಿಗೆ ಜಪ್ತಿಯ ಚೀಟಿ ಅಂಟುತ್ತದೆ, ಚಾಲಕರೇ ಬಸ್ಸನ್ನು ಕೋರ್ಟಿನವರೆಗೆ ಓಡಿಸಿಕೊಂಡು ಬರುತ್ತಾರೆ. ಅದರ ಹಿಂದೆ ಅಪಘಾತದಲ್ಲಿ ದುಡಿಯುವ ಕೈಯನ್ನು ಕಳೆದುಕೊಂಡ ಒಂದು ಮನೆ ಇರುತ್ತದೆ. ತೀರ್ಪು ಬಂದು ವರ್ಷಗಳಾದರೂ ಪರಿಹಾರ ಕೈಸೇರದ ಮನೆ ಅದು.

ಇಂಥ ಪ್ರಕರಣಗಳಲ್ಲಿ ಸೋತವರ ಬಾಯಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತು ಒಂದೇ: ‘ಮೇಲಿನ ಕೋರ್ಟಿಗೆ ಹೋಗಿದ್ದೇವೆ, ಅಲ್ಲಿ ತೀರ್ಮಾನ ಆಗುವ ತನಕ ಯಾರೂ ಏನೂ ಕೇಳುವ ಹಾಗಿಲ್ಲ.’ ಓದು ಬಲ್ಲವರೂ, ದೊಡ್ಡ ವ್ಯವಹಾರ ನಡೆಸುವವರೂ ಇದನ್ನೇ ನಂಬಿರುತ್ತಾರೆ. ಕಾನೂನು ಹೇಳುವುದು ಇದಕ್ಕೆ ಪೂರ್ತಿ ವಿರುದ್ಧ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 41, ನಿಯಮ 5ರ ಪ್ರಕಾರ, ಅಪೀಲು ಸಲ್ಲಿಸಿದ್ದೇ ಡಿಕ್ರಿಗೆ ತಡೆಯಾಜ್ಞೆ ಆಗುವುದಿಲ್ಲ. ಸ್ಟೇ ಬೇಕಾದರೆ ಅದನ್ನು ಬೇರೆಯಾಗಿ ಕೇಳಬೇಕು. ಸ್ಟೇ ಸಿಗದಿದ್ದರೆ ನಷ್ಟ ಗಣನೀಯವಾದದ್ದು ಎಂದು ತೋರಿಸಬೇಕು, ಅರ್ಜಿ ತಡ ಮಾಡಿರಬಾರದು, ಕೊನೆಗೆ ಸೋತರೆ ಹಣ ಕಟ್ಟುತ್ತೇನೆ ಎನ್ನುವುದಕ್ಕೆ ಭದ್ರತೆ ಕೊಡಬೇಕು. ಹಣ ಕಟ್ಟಲು ಹೇಳಿದ ಡಿಕ್ರಿಯಾದರೆ ಅಪೀಲಿನ ಕೋರ್ಟು ಗೊತ್ತುಮಾಡಿದ ಮೊತ್ತವನ್ನು ಠೇವಣಿ ಇಡಬೇಕು, ಇಲ್ಲವೇ ಕೋರ್ಟು ಒಪ್ಪುವ ಜಾಮೀನು ಕೊಡಬೇಕು. ಎರಡೂ ಇಲ್ಲದೆ ಸ್ಟೇ ಕೊಡಬಾರದು ಎಂದೇ ಅದೇ ನಿಯಮ ಹೇಳುತ್ತದೆ. ಅಪೀಲಿನ ವಾಯಿದೆಯೇ ಮೀರಿದ್ದರಂತೂ, ತಡವಾದ ಅಪೀಲನ್ನು ಕೇಳುವುದೋ ಬೇಡವೋ ಎಂದು ಕೋರ್ಟು ಮೊದಲು ತೀರ್ಮಾನಿಸಬೇಕು. ಅಲ್ಲಿಯವರೆಗೆ ಸ್ಟೇ ಇಲ್ಲ.

ಈ ನಿಯಮ ಹೀಗೇಕಿದೆ? ‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎಂಬ ನಮ್ಮ ಗಾದೆಯ ಮೊದಲ ಅರ್ಧದಲ್ಲಿ ಉತ್ತರವಿದೆ. ಭಾರತದಲ್ಲಿ ದಾವೆ ಹೂಡಿದವನ ಕಷ್ಟ ಆರಂಭವಾಗುವುದೇ ಡಿಕ್ರಿ ಸಿಕ್ಕ ಮೇಲೆ ಎಂದು ಲಂಡನ್ನಿನ ಪ್ರಿವಿ ಕೌನ್ಸಿಲ್ 1872ರಲ್ಲೇ ಹೇಳಿತ್ತು. ಬೆಂಗಳೂರಿನ ಒಂದು ಆಸ್ತಿಯ ವ್ಯಾಜ್ಯದಲ್ಲಿ 2021ರಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಡಿಕ್ರಿಯನ್ನು ಜಾರಿಗೊಳಿಸಿ ಎಂದು ಕೇಳುವ ಅಮಲ್ಜಾರಿ ಅರ್ಜಿಗಳನ್ನು ಆರು ತಿಂಗಳೊಳಗೆ ಮುಗಿಸಬೇಕೆಂದು ಕೆಳಗಿನ ಕೋರ್ಟುಗಳಿಗೆ ನಿರ್ದೇಶನ ನೀಡಬೇಕಾಯಿತು. ಸಾಕ್ಷಿ, ಪಾಟೀಸವಾಲು, ವಾದ ಎಲ್ಲ ಮುಗಿದ ಮೇಲೆ ಬಂದ ತೀರ್ಪನ್ನು ಒಂದು ಅಪೀಲಿನ ಮೆಮೊ ತನ್ನಷ್ಟಕ್ಕೆ ತಡೆದು ನಿಲ್ಲಿಸುವ ಹಾಗಿದ್ದರೆ, ಮೊದಲ ಕೋರ್ಟಿನ ಅಷ್ಟೂ ವರ್ಷಗಳ ಶ್ರಮಕ್ಕೆ ಬೆಲೆ ಎಲ್ಲಿ?

ಸೋತವರ ಕಡೆಯಿಂದ ನೋಡೋಣ. ಅವರ ಮುಂದೆ ಮೂರು ದಾರಿಗಳಿವೆ. ಮೂರೂ ಹೊರನೋಟಕ್ಕೆ ‘ದುಡ್ಡು ಕಟ್ಟುವುದು’ ಎಂದೇ ಕಾಣುತ್ತವೆ, ಆದರೆ ಫಲ ಬೇರೆ ಬೇರೆ. ಮೊದಲನೆಯದು ಗೆದ್ದವರಿಗೆ ನೇರವಾಗಿ ಕೊಡುವುದು. ಇಲ್ಲಿ ಎಡವುವವರೇ ಹೆಚ್ಚು. ಊರಿನ ಹಿರಿಯರ ಮುಂದೆ ಮಾತಾಡಿ, ಜಗಲಿಯ ಮೇಲೆ ನೋಟಿನ ಕಟ್ಟು ಎಣಿಸಿಕೊಟ್ಟು, ‘ಇಲ್ಲಿಗೆ ಮುಗೀತು ಮಾರಾಯ’ ಎಂದು ಎದ್ದು ಬರುತ್ತಾರೆ. ಎರಡು ವರ್ಷದ ಮೇಲೆ ಅಮಲ್ಜಾರಿ ನೋಟಿಸು ಬರುತ್ತದೆ. ಕೋರ್ಟಿನ ಹೊರಗೆ ಕೊಟ್ಟ ಹಣವನ್ನು ಕೋರ್ಟಿನ ಕಡತಕ್ಕೆ ಸೇರಿಸಿರದಿದ್ದರೆ ಅಮಲ್ಜಾರಿ ಮಾಡುವ ಕೋರ್ಟು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸೋತವರು ತಾವಾಗಿ ಅದನ್ನು ದಾಖಲಿಸಿಕೊಳ್ಳಿ ಎಂದು ಅರ್ಜಿ ಹಾಕಲು ಇರುವ ಕಾಲ, ಹಣ ಕೊಟ್ಟ ದಿನದಿಂದ ಮೂವತ್ತು ದಿನ ಮಾತ್ರ. ಹಾಗಾಗಿ ಬ್ಯಾಂಕಿನ ಮೂಲಕವೇ ಕೊಡಿ, ಕೈಬರಹದ ರಸೀದಿ ಪಡೆಯಿರಿ, ಅದೇ ವಾರ ವಕೀಲರ ಮೂಲಕ ಕೋರ್ಟಿಗೆ ತಿಳಿಸಿ.

ಎರಡನೆಯದು ಡಿಕ್ರಿಯ ಹಣವನ್ನು ಕೋರ್ಟಿನಲ್ಲಿ ಕಟ್ಟಿ, ಗೆದ್ದವರಿಗೆ ನೋಟಿಸು ಕೊಡುವುದು. ನೋಟಿಸು ಜಾರಿಯಾದ ದಿನದಿಂದ, ಕಟ್ಟಿದ ಮೊತ್ತದ ಮೇಲೆ ಬಡ್ಡಿ ನಿಲ್ಲುತ್ತದೆ.

ಮೂರನೆಯದು ಸ್ಟೇ ಪಡೆಯಲು ಷರತ್ತಾಗಿ ಇಡುವ ಠೇವಣಿ. ‘ಹಣ ಕೋರ್ಟಿನಲ್ಲಿದೆಯಲ್ಲ, ಇನ್ನು ಬಡ್ಡಿ ಎಲ್ಲಿಂದ?’ ಎಂದು ಕೇಳುವವರಿಗೆ 1968ರಲ್ಲಿಯೇ ರಾಮನಾಥನ್ ಚೆಟ್ಟಿಯಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿದೆ. ಅಮಲ್ಜಾರಿ ನಿಲ್ಲಲಿ ಎಂದು ಇಟ್ಟ ಹಣ, ಭದ್ರತೆ ಕೊಟ್ಟರೆ ಮಾತ್ರ ತೆಗೆದುಕೊಳ್ಳಬಹುದು ಎಂಬ ಷರತ್ತಿನಲ್ಲಿ ಇದ್ದಾಗ, ಗೆದ್ದವರ ಸ್ವತ್ತಾಗುವುದಿಲ್ಲ. ಅದರಿಂದ ಡಿಕ್ರಿ ತೀರಿದಂತೆಯೂ ಅಲ್ಲ. ಅಂದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಎಷ್ಟು ಬೆಳೆಯುತ್ತದೆ ಎಂಬುದಕ್ಕೆ ಒಂದು ಲೆಕ್ಕ ಹಿಡಿಯೋಣ. ನೆಂಟರ ನಡುವಿನ ಕೈಸಾಲ, ಅಸಲು ಹತ್ತು ಲಕ್ಷಕ್ಕೆ ಡಿಕ್ರಿ, ತೀರ್ಪಿನ ನಂತರದ ಬಡ್ಡಿ ವರ್ಷಕ್ಕೆ ಶೇ 6. ವರ್ಷಕ್ಕೆ 60,000 ರೂಪಾಯಿ, ತಿಂಗಳಿಗೆ 5,000. ಅಪೀಲು ಎಂಟು ವರ್ಷ ನಡೆದರೆ 4,80,000. ವ್ಯಾಪಾರದ ಬಾಕಿಯಾದರೆ ಕೋರ್ಟು ಇದಕ್ಕಿಂತ ಹೆಚ್ಚಿನ ದರ ಹಾಕಬಹುದು. ಕಾಲ ತಳ್ಳುವುದಕ್ಕೆಂದೇ ಅಪೀಲು ಹಾಕುವವರು ಈ ಲೆಕ್ಕವನ್ನು ವಕೀಲರ ಮುಂದೆ ಕುಳಿತು ಒಮ್ಮೆ ಮಾಡಿ ನೋಡಬೇಕು.

ಹಣ ಕಟ್ಟಿಬಿಟ್ಟರೆ ತಪ್ಪು ಒಪ್ಪಿಕೊಂಡಂತೆ ಆಗುವುದಿಲ್ಲವೇ ಎಂಬ ಭಯ ಹಲವರಿಗಿದೆ. ಇಲ್ಲ. ಡಿಕ್ರಿಯ ಒತ್ತಾಯಕ್ಕೆ ಮಣಿದು ಕಟ್ಟಿದ್ದರಿಂದ ಮಾತ್ರ ಅಪೀಲಿನ ಹಕ್ಕು ಹೋಗುವುದಿಲ್ಲ. ‘ಅಪೀಲಿನ ತೀರ್ಮಾನಕ್ಕೆ ಒಳಪಟ್ಟು ಈ ಹಣ ಕಟ್ಟುತ್ತಿದ್ದೇವೆ’ ಎಂದು ಮೆಮೊದಲ್ಲಿ ಬರೆದು ಕೊಡುವುದು ಒಳ್ಳೆಯದು. ಮುಂದೆ ಅಪೀಲಿನಲ್ಲಿ ಗೆದ್ದರೆ ಸಂಹಿತೆಯ 144ನೇ ಕಲಂ ಇದೆ. ಮೂಲ ಡಿಕ್ರಿ ಕೊಟ್ಟ ಕೋರ್ಟಿಗೆ ಅರ್ಜಿ ಹಾಕಿದರೆ ಸಾಕು, ಹೊಸ ದಾವೆ ಬೇಡ. ಬಡ್ಡಿಯನ್ನೂ ಖರ್ಚನ್ನೂ ಸೇರಿಸಿ ಕೊಡಿಸುವ ಅಧಿಕಾರ ಆ ಕೋರ್ಟಿಗಿದೆ.

ಆದರೆ ಪಡೆದವರು ಆ ಹಣವನ್ನು ಆಗಲೇ ಮಗಳ ಮದುವೆಗೋ ಆಸ್ಪತ್ರೆಗೋ ಹಾಕಿ ಕೈ ಬರಿದು ಮಾಡಿಕೊಂಡಿದ್ದರೆ? ಈ ಆತಂಕ ನಿಜವಾದದ್ದು, ಅದನ್ನು ತಳ್ಳಿಹಾಕುವಂತಿಲ್ಲ. ಠೇವಣಿಯ ಒಂದು ಪಾಲನ್ನು ಹಾಗೆಯೇ ಬಿಡುಗಡೆ ಮಾಡಿ, ಉಳಿದದ್ದಕ್ಕೆ ಬ್ಯಾಂಕ್ ಗ್ಯಾರಂಟಿಯನ್ನೋ ಆಸ್ತಿಯ ಭದ್ರತೆಯನ್ನೋ ಕೇಳುವ ಆದೇಶಗಳು ಹೊರಡುವುದು ಇದೇ ಕಾರಣಕ್ಕೆ. ಚೆಕ್ ಬೌನ್ಸ್ ಪ್ರಕರಣಗಳಲ್ಲಿ ಶಾಸನವೇ ಈ ತೂಕವನ್ನು ಮಾಡಿದೆ. 2018ರ ತಿದ್ದುಪಡಿಯ ಪ್ರಕಾರ, ಶಿಕ್ಷೆಯ ವಿರುದ್ಧ ಅಪೀಲು ಹೋದ ಆರೋಪಿ ದಂಡ ಅಥವಾ ಪರಿಹಾರದ ಕನಿಷ್ಠ ಶೇ 20ರಷ್ಟನ್ನು ಅರವತ್ತು ದಿನದೊಳಗೆ ಕಟ್ಟುವಂತೆ ಕೋರ್ಟು ಆದೇಶಿಸಬಹುದು, ಅದನ್ನು ದೂರುದಾರರಿಗೆ ಕೊಡಿಸಬಹುದು. ಆರೋಪಿ ಖುಲಾಸೆಯಾದರೆ ದೂರುದಾರರು ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಬಡ್ಡಿ ಸೇರಿಸಿ ಹಿಂದಿರುಗಿಸಬೇಕು. ಮೋಟಾರು ಅಪಘಾತದ ಪ್ರಕರಣದಲ್ಲಿ ಹಣ ಕೊಡಬೇಕಾದವರು ಅಪೀಲು ಹೋಗಬೇಕಾದರೆ 25,000 ರೂಪಾಯಿ ಅಥವಾ ಪರಿಹಾರದ ಅರ್ಧ, ಇವೆರಡರಲ್ಲಿ ಕಡಿಮೆ ಇರುವುದನ್ನು ಹೈಕೋರ್ಟಿನಲ್ಲಿ ಠೇವಣಿ ಇಟ್ಟಿರಲೇಬೇಕು. ಇಪ್ಪತ್ತು ಲಕ್ಷದ ಪರಿಹಾರದ ಮುಂದೆ 25,000 ಯಾವ ಲೆಕ್ಕ? ಈ ಮಿತಿಯನ್ನು ಏರಿಸಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಸರ್ಕಾರವೇ ಸೋತಾಗ ಭದ್ರತೆ ಕೇಳುವಂತಿಲ್ಲ ಎಂದು ಸಂಹಿತೆಯ ಆದೇಶ 27 ಹೇಳುತ್ತದೆ. ಸರ್ಕಾರ ಓಡಿಹೋಗುವುದಿಲ್ಲ ಎಂಬ ನಂಬಿಕೆ ಅದರ ಹಿಂದಿದೆ. ಓಡಿಹೋಗುವುದಿಲ್ಲ, ನಿಜ. ಆದರೆ ಕೆರೆಗೋ ರಸ್ತೆಗೋ ಜಮೀನು ಬಿಟ್ಟುಕೊಟ್ಟ ರೈತ ಕಾದು ಕಾದು, ಕೊನೆಗೆ ಉಪವಿಭಾಗಾಧಿಕಾರಿಯ ಕಚೇರಿಯ ಕುರ್ಚಿ, ಕಂಪ್ಯೂಟರುಗಳನ್ನು ಜಪ್ತಿ ಮಾಡಿಸಿ ಲಾರಿಗೆ ಹೇರಿಸುವ ಹಂತಕ್ಕೆ ಬರುತ್ತಾನೆ. ಅಪೀಲು ಬಾಕಿಯಿರುವಾಗಲೇ ಕನಿಷ್ಠ ಒಂದು ಪಾಲನ್ನು ಅವನ ಖಾತೆಗೆ ಹಾಕಲು ಯಾವ ಕಾನೂನೂ ಅಡ್ಡಿ ಬರುವುದಿಲ್ಲ.

ಗೆದ್ದವರು ಕೂಡ ಕೈಕಟ್ಟಿ ಕೂರಬಾರದು. ತೀರ್ಪು ಬಂದ ವಾರದಲ್ಲೇ ಮೇಲಿನ ಕೋರ್ಟಿನಲ್ಲಿ ಕೇವಿಯಟ್ ಹಾಕಿ. ಅದು ಇರುವಾಗ ನಿಮ್ಮ ಮಾತು ಕೇಳದೆ ಸ್ಟೇ ಕೊಡುವಂತಿಲ್ಲ. ಅದರ ಆಯುಸ್ಸು 90 ದಿನ. ಆ ನಂತರವೂ ಅಪೀಲು ಬಂದಿಲ್ಲವಾದರೆ ಹೊಸದು ಹಾಕಬೇಕು. ಎದುರಾಳಿ ಠೇವಣಿ ಇಟ್ಟಿದ್ದು ತಿಳಿದ ದಿನವೇ, ಆ ಹಣವನ್ನು ಬಡ್ಡಿ ಬರುವ ಬ್ಯಾಂಕ್ ಠೇವಣಿಯಲ್ಲಿ ಇಡಿಸಿ ಎಂದು ಅರ್ಜಿ ಕೊಡಿ. ಕೋರ್ಟಿನಲ್ಲಿ ಕಟ್ಟಿದ ಹಣ ಸುಮ್ಮನೆ ಕೊಳೆಯಬಾರದು, ಅದಕ್ಕೆ ಮಾರ್ಗಸೂಚಿ ಮಾಡಿಕೊಳ್ಳಿ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಠೇವಣಿಯ ಅವಧಿ ಯಾವಾಗ ಮುಗಿಯುತ್ತದೆ, ನವೀಕರಿಸಿದ್ದಾರೋ ಇಲ್ಲವೋ ಎಂಬುದನ್ನು ಮಾತ್ರ ನೀವೇ ಹೋಗಿ ಕಚೇರಿಯಲ್ಲಿ ವಿಚಾರಿಸಿ.