ರಕ್ತ ಮೊದಲೋ, ಕೊಲೊಸ್ಟಮಿ ಮೊದಲೋ

ಸೊಂಟದ ಮೇಲೆ ಲಾರಿ ಹರಿದ ಬೈಕ್ ಸವಾರನನ್ನು ಥಿಯೇಟರಿಗೆ ತಂದಿದ್ದಾರೆ ಎಂದುಕೊಳ್ಳಿ. ಬಿಪಿ 70 ದಾಟುತ್ತಿಲ್ಲ. ಸೊಂಟದ ಮೂಳೆ ಒಡೆದು, ಗುದನಾಳ ಹರಿದಿದೆ. ಮೈಬಿಸಿ 34 ಡಿಗ್ರಿಗೆ ಇಳಿದಿದೆ ಎನ್ನುತ್ತಾರೆ ಅರಿವಳಿಕೆ ವೈದ್ಯರು. ಗಾಯಕ್ಕೆ ಒತ್ತಿದ ಪ್ಯಾಡಿನಲ್ಲಿ ಒಂದು ಹೆಪ್ಪೂ ಇಲ್ಲ, ರಕ್ತ ನೀರಿನಂತೆ ಇಳಿಯುತ್ತಿದೆ. ಮಲದ ದಾರಿ ತಿರುಗಿಸುವ ಕೊಲೊಸ್ಟಮಿಯನ್ನು ಈಗಲೇ ಮಾಡಬೇಕೆ?

ಮಾಡಲೇಬೇಕು ಎನ್ನುವವರಿಗೆ ಯುದ್ಧದ ಪಾಠವೇ ಆಧಾರ. 1943ರಲ್ಲಿ ಅಮೆರಿಕದ ಸೇನೆ ದೊಡ್ಡಕರುಳಿನ ಗಾಯಗಳಿಗೆ ಕೊಲೊಸ್ಟಮಿಯನ್ನು ಕಡ್ಡಾಯ ಮಾಡಿತು. ಗುದನಾಳದ ಕೆಳಭಾಗಕ್ಕೆ ಹೊಟ್ಟೆಯೊಳಗಿನ ಪೊರೆಯ ಹೊದಿಕೆಯಿಲ್ಲ, ಅಲ್ಲಿ ಕೈ ಹಾಕಿ ಹೊಲಿಯುವುದು ಕಷ್ಟ. ಸೋರಿದ ಮಲ ಒಡೆದ ಮೂಳೆಯ ಸುತ್ತ ನಿಂತ ರಕ್ತಕ್ಕೇ ಸೇರುತ್ತದೆ. ಇವತ್ತು ರಕ್ತಸ್ರಾವದಿಂದ ಉಳಿದವನು ವಾರದ ಮೇಲೆ ನಂಜಿನಿಂದ ತೀರಿಕೊಳ್ಳಬಹುದು. ಈ ಭಯ ಸುಳ್ಳಲ್ಲ.

ಆದರೆ ತಣ್ಣಗಾದ, ರಕ್ತ ಹೆಪ್ಪುಗಟ್ಟದ ದೇಹಕ್ಕೆ ಪ್ರತಿ ನಿಮಿಷವೂ ಭಾರ. 1993ರಲ್ಲಿ ಶಸ್ತ್ರವೈದ್ಯ ರೊಟೊಂಡೊ ಮತ್ತು ಸಂಗಡಿಗರು ಹೊಟ್ಟೆಗೆ ಇರಿತ, ಗುಂಡೇಟು ಬಿದ್ದವರ ಲೆಕ್ಕ ಪ್ರಕಟಿಸಿದರು. ದೊಡ್ಡ ರಕ್ತನಾಳದ ಜೊತೆ ಕನಿಷ್ಠ ಎರಡು ಅಂಗಗಳಿಗೆ ಪೆಟ್ಟಾದ 22 ಜನರಲ್ಲಿ, ರಕ್ತ ನಿಲ್ಲಿಸಿ ಬೇಗ ಹೊರಬಂದಾಗ ಬದುಕಿದವರು ಶೇ. 77, ಒಂದೇ ಸಲಕ್ಕೆ ಎಲ್ಲ ರಿಪೇರಿ ಮಾಡಿದಾಗ ಶೇ. 11. ಅಧ್ಯಯನ ಚಿಕ್ಕದು, ಗುದನಾಳದ್ದೇ ಅಲ್ಲ. ಆದರೂ ಆ ಅಂತರವನ್ನು ತಳ್ಳಿಹಾಕಲು ನನಗಾಗದು.

ವಾದದ ಬಿಸಿಯಲ್ಲಿ ಮರೆತುಹೋಗುವ ಮಾತೊಂದಿದೆ. ಗಾಯದ ಮೇಲಿನ ಕರುಳನ್ನು ಸ್ಟೇಪ್ಲರಿನಿಂದ ಮುಚ್ಚಿದರೆ, ಕೆಳಗೆ ಮಲ ಇಳಿಯುವುದು ಆ ಕ್ಷಣಕ್ಕೆ ನಿಂತೇ ನಿಲ್ಲುತ್ತದೆ. ಹೊಟ್ಟೆಯ ಗೋಡೆಗೆ ರಂಧ್ರ ಮಾಡಿ ಕರುಳು ಹೊರತೆಗೆಯುವ ಕೆಲಸ ಕಾಯಬಹುದು. ಸೊಂಟದೊಳಗೆ ಪ್ಯಾಡ್ ತುಂಬಿ, ಹೊಟ್ಟೆ ಹೊಲಿಯದೆ ಐಸಿಯುಗೆ ಒಯ್ದು, ಬಿಸಿ ಮಾಡಿ, ರಕ್ತ ಕೊಟ್ಟು, 24ರಿಂದ 48 ಗಂಟೆಯಲ್ಲಿ ಮರಳಿ ಬರಬಹುದು. ಮೂಳೆ ಡಾಕ್ಟರು ಪ್ಲೇಟ್ ಹಾಕುವ ಜಾಗ ಬಿಟ್ಟು ಕೊಲೊಸ್ಟಮಿ ಎಲ್ಲಿರಬೇಕೆಂದು ಆಗ ಸಮಾಧಾನವಾಗಿ ಯೋಚಿಸಲೂ ಆಗುತ್ತದೆ.

ಹಿಂದೆ ಕೊಲೊಸ್ಟಮಿಯ ಜೊತೆಗೆ ಗುದನಾಳ ತೊಳೆಯುವುದು, ಅದರ ಹಿಂದುಗಡೆ ಡ್ರೇನ್ ಇಡುವುದೂ ಕ್ರಮವಾಗಿತ್ತು. 2018ರಲ್ಲಿ ಪ್ರಕಟವಾದ 785 ರೋಗಿಗಳ ಅಧ್ಯಯನದಲ್ಲಿ ಅವೆರಡರ ಜೊತೆ ತೊಡಕುಗಳೇ ಹೆಚ್ಚು ಕಂಡವು.

ಹಾಗಾಗಿ ನನ್ನ ಒಲವು ರಕ್ತ ನಿಲ್ಲಿಸುವ ಕಡೆಗೆ. ಆದರೆ ಗುದದ ಸುತ್ತಲಿನ ಚರ್ಮವೂ ಬಾಯಿಬಿಟ್ಟಿದ್ದರೆ ಕೊಲೊಸ್ಟಮಿ ಪಕ್ಷದವರ ಎಚ್ಚರಿಕೆ ಪೂರ್ತಿ ಸರಿ: ಬಿಪಿ ಏರಿದ ನೆಮ್ಮದಿಯಲ್ಲಿ ಎರಡು ದಿನ ನಾಲ್ಕಾಗುತ್ತದೆ, ಅಷ್ಟರಲ್ಲಿ ಗಾಯ ಕೊಳೆಯುತ್ತದೆ. ಎರಡನೆಯ ಆಪರೇಷನ್ನಿನ ದಿನ, ಗಂಟೆಯನ್ನು ಮೊದಲನೆಯದು ಮುಗಿಯುವ ಮುನ್ನವೇ ಕೇಸ್ ಶೀಟಿನಲ್ಲಿ ಬರೆಸಬೇಕು. ಹೊರಗೆ ಕಾದಿರುವ ಮನೆಯವರಿಗೂ ಹೇಳಬೇಕು.