ತೆನ್ನಾಲಿ ರಾಮನ ಬೆಕ್ಕು ಮತ್ತು ನಮ್ಮ ಹಾಲಿನ ತಟ್ಟೆ

ಬೆಕ್ಕಿನ ಮೇಲೂ ಒಂದು ಪೋಸ್ಟಾ ಅಂತ ನಗಬೇಡಿ. ಎರಡು ವಾರದಿಂದ ತಲೆ ಕೊರೀತಾ ಇದೆ, ಬರೆದು ಬಿಡ್ತೀನಿ. ಬೈಗುಳವೇ ಜಾಸ್ತಿ ಇರುತ್ತೆ. ಅದರಲ್ಲಿ ಅರ್ಧ ನನಗೇ.

ತೆನ್ನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಿಮಗೆಲ್ಲ ಗೊತ್ತು. ಇಲಿ ಕಾಟ ಹೆಚ್ಚಾಯ್ತು ಅಂತ ರಾಯರು ಬೆಕ್ಕಿನ ಮರಿಗಳನ್ನ ಹಂಚಿ, ಅವುಗಳ ಹಾಲಿಗೆ ಅಂತ ಹಸುವನ್ನೂ ಕೊಡ್ತಾರೆ. ರಾಮಕೃಷ್ಣ ಮೊದಲ ದಿನವೇ ಕುದಿಯೋ ಹಾಲು ಇಡ್ತಾನೆ. ಮರಿ ಬಾಯಿ ಸುಟ್ಟುಕೊಳ್ಳುತ್ತೆ. ಆಮೇಲೆ ಹಾಲು ಕಂಡರೆ ಸಾಕು, ಓಟ! ನಾವೆಲ್ಲ ಅವನ ಜಾಣತನಕ್ಕೆ ನಕ್ಕವರೇ. ಒಂದು ಸಲ ಬೆಕ್ಕಿನ ಕಡೆಯಿಂದ ಯೋಚಿಸಿ. ಮರಿಯಾಗಿದ್ದಾಗ ಕಲಿತ ಭಯ ಜನ್ಮಪೂರ್ತಿ ಹೋಗಲಿಲ್ಲ. ಕಥೆ ಅಷ್ಟೇ.

ಈಗ ನಮ್ಮ ಕಥೆ. ನಮ್ಮ ಮನೆ ಇರೋದು ಕಾಟನ್‌ಪೇಟೆಯ ಒಂದು ಗಲ್ಲಿಯಲ್ಲಿ, ಕೆಳಗೆ ಗೋಡೌನು, ಮೇಲೆ ನಾವು. ಕರಗ ಮಸ್ತಾನ್ ದರ್ಗಾಕ್ಕೆ ಬರುವ ರಾತ್ರಿ ಬಿಟ್ಟರೆ ಹೊರಗಿನವರಿಗೆ ಈ ಕಡೆ ಕೆಲಸವಿಲ್ಲ. ಬಂಡಲ್ಲುಗಳು, ರಟ್ಟಿನ ಡಬ್ಬ, ಲಗೇಜ್ ಆಟೋ, ಮತ್ತೆ ಇಲಿ. ಇಲಿ ಇದ್ದಲ್ಲಿ ಬೆಕ್ಕು. ಕಳೆದ ವರ್ಷ ಆ ಗೋಡೌನಿನ ಬಂಡಲ್ ಸಂದಿಯಲ್ಲಿ ಒಂದು ಬೂದು ಬೆಕ್ಕು ನಾಲ್ಕು ಮರಿ ಹಾಕಿತು.

ನಾನು ದಿನಾ ಒಂದು ತಟ್ಟೆ ಹಾಲು ಇಟ್ಟು ಬರ್ತಿದ್ದೆ. ಇಟ್ಟು ಮೇಲೆ ಬಂದರೆ ಏನೋ ಪುಣ್ಯ ಕಟ್ಟಿಕೊಂಡ ಸಮಾಧಾನ. ಮರಿಗಳಿಗೆ ಐದು ವಾರ ಆಗಿದ್ದಾಗ ಎರಡು ಮರಿ ತಟ್ಟೆ ಹತ್ತಿರ ಬಂದವು, ಎತ್ತಿಕೊಂಡು ಮೇಲೆ ತಂದೆ. ಇನ್ನೆರಡು ಬುಸ್ ಅಂತ ಸಂದಿಗೆ ಹೋದವು. "ಮುಂದಿನ ವಾರ ನೋಡೋಣ" ಅಂದುಕೊಂಡೆ. ಮುಂದಿನ ವಾರ ಆಫೀಸಿನ ಕೆಲಸ, ಅದರ ಮುಂದಿನ ವಾರ ತಂಗಿ ಮನೆ ಗೃಹಪ್ರವೇಶ. ನೋಡ್ತಾ ನೋಡ್ತಾ ಮೂರು ತಿಂಗಳಾಯ್ತು. ಆಮೇಲೆ ಹಿಡಿಯೋಕೆ ಹೋದರೆ ಕೈಗೆ ಕಚ್ಚಿ ರಕ್ತ ಬಂತು. ರೇಬೀಸ್ ಇಂಜೆಕ್ಷನ್ನಿನ ಪೂರ್ತಿ ಕೋರ್ಸು ಹಾಕಿಸಿಕೊಂಡೆ.

ಒಂದು ಬೆಳಿಗ್ಗೆ ನೋಡಿದರೆ ಎರಡೂ ಇಲ್ಲ. ಹಮಾಲಿ ಅಣ್ಣನನ್ನ ಕೇಳಿದೆ.

"ಓನರ್ ಹೇಳಿದ್ರು ಅಕ್ಕಾ, ಮಾಲಿನ ಮೇಲೆ ಗಲೀಜು ಮಾಡ್ತವೆ ಅಂತ. ಗೋಣಿಚೀಲದಲ್ಲಿ ಹಾಕ್ಕೊಂಡೋಗಿ ಮಾರ್ಕೆಟ್ ಹತ್ರ ಬಿಟ್ಟೆ. ಅಲ್ಲಿ ಮೀನು ಸಿಗುತ್ತೆ, ಬದುಕ್ಕೊಂತವೆ ಬಿಡಿ."

ಆ ಟ್ರಾಫಿಕ್ಕಿನಲ್ಲಿ, ಆ ನಾಯಿಗಳ ಮಧ್ಯೆ! ಎರಡು ಸಂಜೆ ಹೋಗಿ ಹುಡುಕಿದೆ. ಸಿಗಲಿಲ್ಲ.

ಮೇಲೆ ತಂದ ಎರಡರಲ್ಲಿ ಒಂದು ಈಗ ಚಾಮರಾಜಪೇಟೆಯ ಗೆಳತಿ ಮನೆಯ ಸೋಫಾದ ಯಜಮಾನಿ. ಇನ್ನೊಂದು ಇದನ್ನ ಟೈಪ್ ಮಾಡುವಾಗ ಕೀಬೋರ್ಡ್ ಮೇಲೆ ಬಾಲ ಇಟ್ಟಿದೆ :-) ತಾಯಿ ಒಂದೇ, ಕುಡಿದ ಹಾಲು ಒಂದೇ. ಆ ಎರಡನ್ನ ಬೀದಿಗೆ ಹಾಕಿದ್ದು ಗೋಡೌನ್ ಮಾಲೀಕ ಮಾತ್ರ ಅಲ್ಲ, ನನ್ನ "ಮುಂದಿನ ವಾರ" ಕೂಡ.

ಅದಕ್ಕೇ ಹೇಳ್ತಿರೋದು, ಬೀದಿ ಬೆಕ್ಕಿಗೆ ಹಾಲಿಟ್ಟು ಕೈ ತೊಳೆದುಕೊಳ್ಳೋದು ದಯೆ ಅಲ್ಲ, ನಮ್ಮ ಸಮಾಧಾನ. ಮೊದಲನೇದಾಗಿ ಹಸುವಿನ ಹಾಲು ಮರಿಗಳಿಗೆ ಸರಿಯಾಗಿ ಜೀರ್ಣ ಆಗಲ್ಲ, ಭೇದಿ ಆಗುತ್ತೆ. ಅಷ್ಟು ಚಿಕ್ಕ ಮೈಗೆ ಭೇದಿ ಅಂದರೆ ಪ್ರಾಣಕ್ಕೇ ಬರಬಹುದು. ಎರಡನೇದು, ಬೆಕ್ಕಿನ ಮರಿ ಮನುಷ್ಯರನ್ನ ನಂಬೋದು ಕಲಿಯೋಕೆ ಒಂದು ಕಾಲ ಇದೆ. ಸುಮಾರು ಎರಡನೇ ವಾರದಿಂದ ಏಳನೇ ವಾರದವರೆಗೆ. ಆಗ ಮನುಷ್ಯರ ಕೈ, ದನಿ, ವಾಸನೆ ಅಭ್ಯಾಸ ಆದರೆ ಸರಿ. ಆಮೇಲೆ ಒಂದೊಂದು ವಾರ ತಡವಾದಂತೆ ಕಷ್ಟ ಹೆಚ್ಚು. ದೂರದಿಂದ ಹಾಲಿಟ್ಟು ಓಡಿ ಬರುವ ನಾವು, ಬಿಸಿ ಹಾಲು ಇಡದೆಯೇ ತೆನ್ನಾಲಿ ರಾಮನ ಕೆಲಸ ಮಾಡ್ತಿದ್ದೀವಿ.

"ಬೀದಿ ಬೆಕ್ಕಿಗೆ ಕಾಡು ಬುದ್ಧಿ ಕಣ್ರೀ, ಪಳಗಲ್ಲ" ಅನ್ನೋರಿಗೆ ಇನ್ನೊಂದು ಮಾತು. ಇದೇ ಜನ ಸಾವಿರಗಟ್ಟಲೆ ಕೊಟ್ಟು ಪರ್ಷಿಯನ್ ಮರಿ ತರ್ತಾರೆ. ಅದು ಸಾಧು ಆಗಿರೋದರಲ್ಲಿ ತಳಿಯ ಪಾಲಿರಬಹುದು. ಆದರೆ ಕಣ್ಣು ಬಿಟ್ಟಾಗಿನಿಂದ ಮನೆ ಜನರ ಕೈಯಲ್ಲಿ ಬೆಳೆದದ್ದನ್ನ ಯಾಕೆ ಲೆಕ್ಕಕ್ಕೇ ಹಿಡಿಯಲ್ಲ? ನಮ್ಮ ಗಲ್ಲಿ ಮರಿಗೆ ಆ ಅವಕಾಶ ಕೊಟ್ಟವರು ಯಾರು?

ಪಳಗಿಸೋದು ದೊಡ್ಡ ವಿದ್ಯೆ ಏನಲ್ಲ. ನಾನು ಮಾಡಿದ್ದು ಇಷ್ಟೇ. ಬಚ್ಚಲುಮನೆಯಂಥ ಚಿಕ್ಕ ಜಾಗದಲ್ಲಿ ಒಂದು ರಟ್ಟಿನ ಡಬ್ಬ, ಹಳೇ ಸೀರೆ, ಮರಳಿನ ಟ್ರೇ. ದೊಡ್ಡ ಮನೆಗೆ ಬಿಟ್ಟರೆ ಬೀರು ಕೆಳಗೆ ಸೇರಿ ಮೂರು ದಿನ ಹೊರಗೆ ಬರಲ್ಲ. ದಿನಕ್ಕೆ ಮೂರು ನಾಲ್ಕು ಸಲ ಹೋಗಿ ನೆಲದ ಮೇಲೆ ಕೂರಬೇಕು. ದಿಟ್ಟಿಸಿ ನೋಡಬಾರದು. ಊಟ ನಮ್ಮ ಕೈಯಿಂದಲೇ ಹೋಗಬೇಕು, ಮೊದಲು ಚಮಚದಲ್ಲಿ, ಆಮೇಲೆ ಬೆರಳಿನಲ್ಲಿ. ತಿನ್ನುವಾಗ ಬೆನ್ನು ಸವರಿ. ಬುಸ್ ಅಂದರೆ ಕೈ ಹಿಂದಕ್ಕೆ ತೆಗೆಯದೆ ಸುಮ್ಮನೆ ಇರಿ, ಅದು ಸಿಟ್ಟಲ್ಲ, ಭಯ. ಟವೆಲ್ಲಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಳ್ಳಿ. ಕುಕ್ಕರ್ ವಿಷಲ್ಲು, ಮಿಕ್ಸಿ, ಪಕ್ಕದ ಮನೆ ಮಕ್ಕಳು, ಎಲ್ಲ ಸ್ವಲ್ಪ ಸ್ವಲ್ಪವೇ ಪರಿಚಯ ಆಗಲಿ. ನಮ್ಮ ಮರಿಗಳಿಗೆ ಎರಡು ವಾರ ಸಾಕಾಯ್ತು. ಹನ್ನೊಂದನೇ ದಿನ ಒಂದು ಗುರ್ ಗುರ್ ಅಂದಾಗ ನಾನು ಅತ್ತಿದ್ದೆ ಅಂದರೆ ನಗ್ತೀರಿ.

ಇನ್ನು ಆಕ್ಷೇಪಣೆಗಳು. "ತಾಯಿಯಿಂದ ಮರಿ ಕಿತ್ತುಕೊಳ್ಳೋದು ಪಾಪ ಅಲ್ವಾ?" ಕಣ್ಣು ಬಿಡದ ಮರಿಯನ್ನ ತಂದರೆ ಖಂಡಿತ ಪಾಪ. ತಾಯಿ ಇದ್ದರೆ ಹಾಲು ಬಿಡುವ ಕಾಲದವರೆಗೆ ಅವಳ ಹತ್ತಿರವೇ ಇರಲಿ, ನೀವು ಅಲ್ಲೇ ಹೋಗಿ ಮುಟ್ಟಿ ಅಭ್ಯಾಸ ಮಾಡಿಸಿ. ಆಮೇಲೆ ತಾಯಿಗೂ ಆಪರೇಷನ್ ಮಾಡಿಸಿ. ಬೆಕ್ಕಿನ ಬಸಿರು ಬರೀ ಒಂಬತ್ತು ವಾರ. ಮರಿಗಳೂ ನಾಲ್ಕೈದು ತಿಂಗಳಿಗೇ ಗಬ್ಬ ಆಗಬಲ್ಲವು. ಆಪರೇಷನ್ ಇಲ್ಲದೆ ಮರಿ ಪಳಗಿಸೋದು ಅಂದರೆ ತೂತು ಬಿಂದಿಗೆಗೆ ನೀರು ತುಂಬಿದ ಹಾಗೆ.

"ನಮ್ಮದು ಸಸ್ಯಾಹಾರಿ ಮನೆ, ಮೊಸರನ್ನ ಹಾಕ್ತೀವಿ." ಕ್ಷಮಿಸಿ, ಮೊಸರನ್ನದಲ್ಲಿ ಬೆಕ್ಕು ಆರೋಗ್ಯವಾಗಿ ಬದುಕಲ್ಲ. ಮಾಂಸದಲ್ಲಿರುವ ಟಾರಿನ್ ಇಲ್ಲದಿದ್ದರೆ ಅದರ ಕಣ್ಣು, ಹೃದಯ ಎರಡೂ ಕೆಡುತ್ತವೆ. ಅಂಗಡಿಯ ಬೆಕ್ಕಿನ ಆಹಾರವನ್ನಾದರೂ ಹಾಕಿ. ಅದೂ ಆಗಲ್ಲ ಅಂದರೆ ಪಳಗಿಸಿ ಬೇರೆಯವರಿಗೆ ಕೊಡಿ, ತಪ್ಪೇನಿಲ್ಲ.

"ಎಲ್ಲಾ ಬೆಕ್ಕಿಗೂ ಮನೆ ಎಲ್ಲಿಂದ ತರೋದು?" ಇದು ನ್ಯಾಯವಾದ ಪ್ರಶ್ನೆ. ತರೋಕಾಗಲ್ಲ. ಬೆಳೆದ ಕಾಡು ಬೆಕ್ಕನ್ನ ಮನೆಯೊಳಗೆ ಕೂಡಿ ಹಾಕೋದೂ ಹಿಂಸೆಯೇ. ಅವಕ್ಕೆ ಆಪರೇಷನ್, ಲಸಿಕೆ ಮಾಡಿಸಿ ಅದೇ ಜಾಗಕ್ಕೆ ಬಿಟ್ಟು ಊಟ ಹಾಕಿ. 1898ರಲ್ಲಿ ಪ್ಲೇಗಿಗೆ ಹೆದರಿ ಜನ ಬಿಟ್ಟುಹೋದ ಪೇಟೆ ಇದು. ಇಲಿ ಅಂದರೆ ಏನು ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಕೊನೆಗೆ ಗೋಣಿಚೀಲದವರಿಗೆ. ಹಸಿವು ಬಾಯಾರಿಕೆಯಿಂದ ನರಳುವ ಹಾಗೆ ಪ್ರಾಣಿಯನ್ನ ಕಾರಣವಿಲ್ಲದೆ ಬಿಟ್ಟು ಬರೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿ ಅಪರಾಧ. ಮೊದಲ ಸಲಕ್ಕೆ ದಂಡ ಎಷ್ಟು ಗೊತ್ತಾ? ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ! ಆ ಮರಿಗಳನ್ನ ಸಾಗಿಸಿದ ಆಟೋಗೆ ಅದಕ್ಕಿಂತ ಜಾಸ್ತಿ ಆಗಿರುತ್ತೆ. ಕಾನೂನು ನಂಬಿ ಕೂತರೆ ಆಗಲ್ಲ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ಬೂದು ಬೆಕ್ಕಿಗೆ ಆಪರೇಷನ್ ಆಯ್ತು. ಈಗಲೂ ಗೋಡೌನ್ ಬಾಗಿಲಲ್ಲಿ ಕೂತಿರ್ತಾಳೆ, ನನ್ನ ಕೈಗೆ ಸಿಗಲ್ಲ. ನಿಮ್ಮ ಕಾಂಪೌಂಡಿನಲ್ಲಿ ಈಗ ಮರಿಗಳಿದ್ದರೆ ವಾರ ಲೆಕ್ಕ ಹಾಕಿ. ಐದು ವಾರ ಆಗಿದ್ದರೆ ಇವತ್ತೇ ಹೋಗಿ ನೆಲದ ಮೇಲೆ ಕೂತುಕೊಳ್ಳಿ. ನನ್ನ ಥರ ಮುಂದಿನ ವಾರ ಅನ್ನಬೇಡಿ.

ಏನಂತೀರಿ?