ಹತ್ತು ರೂಪಾಯಿಯ ಪೊಟ್ಟಣ
ಈ ವಾರ ನಮ್ಮ ಬೀದಿಯ ಕಿರಾಣಿ ಅಂಗಡಿಯಲ್ಲಿ ಪಕ್ಕದ ಮನೆಯ ಅಜ್ಜಿ ಹತ್ತು ರೂಪಾಯಿ ಕೊಟ್ಟು ಮೊಮ್ಮಗನಿಗೆ ಬಿಸ್ಕತ್ತು ತೆಗೆದುಕೊಂಡರು. ಪೊಟ್ಟಣದ ತೂಕ ನೋಡಲಿಲ್ಲ. ಇದೇ ಅಜ್ಜಿ ಸಂತೆಯಲ್ಲಿ ಹುರುಳಿಕಾಯಿ ಕೊಳ್ಳುವಾಗ ತಕ್ಕಡಿಯ ಮುಳ್ಳಿನಿಂದ ಕಣ್ಣು ಕೀಳುವುದಿಲ್ಲ, ತೂಗಿಯಾದ ಮೇಲೂ ಕೊಸರು ಹಾಕಿಸಿಕೊಳ್ಳದೆ ಬಿಡುವುದಿಲ್ಲ. ಕೊಳ್ಳುವವರು ದಡ್ಡರಲ್ಲ. ದಿನಗೂಲಿಯ ಮನೆಗಳಿಗೆ ದುಡ್ಡು ಬರುವುದೂ ಹೋಗುವುದೂ ಚಿಲ್ಲರೆಯಾಗಿಯೇ. ಐದು, ಹತ್ತರ ಲೆಕ್ಕ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಒಂದು ರೂಪಾಯಿ ಏರಿಸಿದರೆ ಚಾಚಿದ ಕೈ ಹಿಂದಕ್ಕೆ ಸರಿಯುತ್ತದೆ, ಐದು ಗ್ರಾಂ ಇಳಿಸಿದರೆ ಹೆಚ್ಚಿನವರ ಗಮನಕ್ಕೇ ಬರುವುದಿಲ್ಲ. ಕಂಪನಿಗಳಿಗೆ ಇದು ಚೆನ್ನಾಗಿ ಗೊತ್ತು. ಗೋಧಿ, ಎಣ್ಣೆ ದುಬಾರಿಯಾದಾಗ ಬೆಲೆ ಇದ್ದಲ್ಲೇ ಇರುತ್ತದೆ, ಪೊಟ್ಟಣ ಸೊರಗುತ್ತದೆ. ಬಿಸ್ಕತ್ತು, ಚಹಾಪುಡಿಯಂಥವನ್ನು ಇಂತಿಷ್ಟೇ ತೂಕದಲ್ಲಿ ಮಾರಬೇಕೆಂಬ ಕಟ್ಟುಪಾಡನ್ನು ಪೊಟ್ಟಣ ಸರಕುಗಳ ನಿಯಮಕ್ಕೆ ಕೇಂದ್ರ ಸರ್ಕಾರ 2021ರಲ್ಲಿ ತಂದ ತಿದ್ದುಪಡಿ ತೆಗೆದುಹಾಕಿತು. ಅದರ ಬದಲು ಗ್ರಾಂಗೆ ಎಷ್ಟು ಬೆಲೆ ಎಂದು ಮುದ್ರಿಸಿ ಎಂದಿತು. ಮುದ್ರಿಸುತ್ತಾರೆ, ನಿಜ. ಆದರೆ ನಾನು ಕೈಗೆತ್ತಿಕೊಂಡ ಪೊಟ್ಟಣದಲ್ಲಿ ಅದು ಬೆನ್ನ ಮೇಲೆ, ಅಂಟಿಸಿದ ಮಡಿಕೆಯ ಪಕ್ಕ, ಕನ್ನಡಕವಿದ್ದರೂ ಕಾಣದಷ್ಟು ಸಣ್ಣ ಅಕ್ಷರದಲ್ಲಿತ್ತು. ತಕ್ಕಡಿಯ ಮುಳ್ಳು ಇರಬೇಕಾದದ್ದು ಕೊಳ್ಳುವವರ ಕಣ್ಣೆದುರು. ಗ್ರಾಂನ ದರವನ್ನು ಪೊಟ್ಟಣದ ಮುಂಭಾಗದಲ್ಲಿ, ಬ್ರ್ಯಾಂಡಿನ ಹೆಸರಿನ ಕೆಳಗೇ ದಪ್ಪಕ್ಷರದಲ್ಲಿ ಅಚ್ಚು ಹಾಕುವಂತೆ ಸರ್ಕಾರ ಕಡ್ಡಾಯ ಮಾಡಲಿ.